ಬಾಯ್ಲರ್ ಐಡಿ ಫ್ಯಾನ್ ಬೇರಿಂಗ್ ಪದೇ ಪದೇ ಹೋಗ್ತಾ ಐತೆ, ವೈಬ್ರೇಶನ್ ಮೀಟರ್ ತಗೊಂಡ್ರೆ ಉಪಯೋಗ ಐತಾ?

ಭದ್ರಾ_ಚಾನಲ್ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ನಮ್ದು ಹರಿಹರ ರೋಡಿನ ಕಡೆ ಸ್ಟೀಮ್ ಅಕ್ಕಿ ಮಿಲ್ಲು. ಬಾಯ್ಲರ್ ಓಡೋದು ಬತ್ತದ ಹೊಟ್ಟಿನಲ್ಲೇ. ತಲೆನೋವು ಹೊಗೆ ಎಳೆಯೋ ಐಡಿ ಫ್ಯಾನಿಂದು. 30 ಎಚ್‌ಪಿ ಮೋಟಾರು, ವಿ-ಬೆಲ್ಟು, ಫ್ಯಾನ್ ಸ್ಪೀಡು ನಿಮಿಷಕ್ಕೆ 1200 ಸುತ್ತಿನ ಹತ್ರ. ಎರಡು ಪ್ಲಮ್ಮರ್ ಬ್ಲಾಕು (ಬೇರಿಂಗ್ ಕೂರೋ ಹೌಸಿಂಗು), ಎರಡರಲ್ಲೂ 22213 ಕೆ ಅನ್ನೋ ಎರಡು ಸಾಲು ರೋಲರ್ ಬೇರಿಂಗು, ಸ್ಲೀವ್ ಹಾಕಿ ಕೂರಿಸಿದ್ದು. ಸುಗ್ಗಿ ಶುರುವಾದ್ರೆ ಸಾಕು, ಇಂಪೆಲ್ಲರ್ (ಬ್ಲೇಡ್ ಇರೋ ಚಕ್ರ) ಕಡೆ ಬೇರಿಂಗು ಒಂದರ ಹಿಂದೆ ಒಂದು ಹೋಗುತ್ತೆ. ಹೊಸದು ಹಾಕಿದಾಗ ಸದ್ದೇ ಇರಲ್ಲ. ಒಂದೆರಡು ತಿಂಗಳಿಗೆ ಗೊರಗೊರ, ಆಮೇಲೆ ಮುಟ್ಟಿದ್ರೆ ಕೈ ಸುಡುತ್ತೆ, ಆಮೇಲೆ ಬಂದ್.

ಹೋದ ಸಲ ನಿಂತಿದ್ದು ರಾತ್ರಿ ಪಾಳಿಯಲ್ಲಿ. ಟ್ಯಾಂಕಿನಲ್ಲಿ ಬತ್ತ ನೆನೆ ಹಾಕಿತ್ತು. ಸ್ಟೀಮ್ ಕೊಡೋಕಾಗದೆ ಬೆಳಿಗ್ಗೆ ಹೊತ್ತಿಗೆ ಹುಳಿ ವಾಸನೆ. ಆ ಲಾಟಿನ ಅಕ್ಕಿ ಕೆಂಪಗಾಗಿ ರೇಟು ಬಿತ್ತು. ಬೇರಿಂಗ್ ದುಡ್ಡು ದೊಡ್ಡದಲ್ಲ, ಈ ಲುಕ್ಸಾನು ದೊಡ್ಡದು.

ಈಗ ಒಬ್ರು ಸೇಲ್ಸ್‌ನವರು ಬಂದು ಮಿಲ್ಲಿನ ಎಲ್ಲಾ ಮೋಟಾರಿಗೂ ವೈರ್‌ಲೆಸ್ ಸೆನ್ಸಾರ್ ಹಾಕಿಸಿ, ಹಾಳಾಗೋ ಮುಂಚೆ ಮೊಬೈಲಿಗೆ ಮೆಸೇಜ್ ಬರುತ್ತೆ ಅಂತಾರೆ. ವರ್ಷ ವರ್ಷ ಬಾಡಿಗೆ ಬೇರೆ. ಅಪ್ಪಾಜಿ ಬೇಡವೇ ಬೇಡ ಅಂತಿದಾರೆ. ಬಳಸಿದವರು ಯಾರಾದ್ರೂ ಇದ್ರೆ ಹೇಳ್ರಿ.

ಹಳೇ_ಸ್ಪಿನ್ನಿಂಗ್_ಮಿಲ್
ನಿಮ್ಮ ಅಪ್ಪಾಜಿ ಹೇಳಿದ್ದೇ ಸರಿ ತಮ್ಮಾ. ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲದಲ್ಲಿ ನಾನು ನೂಲಿನ ಮಿಲ್ಲಿನಲ್ಲಿ ಫಿಟ್ಟರ್. ಉದ್ದದ ಸ್ಕ್ರೂಡ್ರೈವರು, ಹಿಡಿ ಕಿವಿಗೆ, ತುದಿ ಬೇರಿಂಗ್ ಹೌಸಿಂಗಿಗೆ. ಒಳಗೆ ಏನಾಗ್ತಿದೆ ಅಂತ ಅದೇ ಹೇಳ್ತಿತ್ತು. ಮೊಬೈಲಿಗೆ ಮೆಸೇಜ್ ಬರೋವರೆಗೂ ಕಾಯೋ ಫಿಟ್ಟರು ಫಿಟ್ಟರೇ ಅಲ್ಲ.

ಆರ್‌ಪಿಎಂ_1440
ಹಿರಿಯರೇ, ಸ್ಕ್ರೂಡ್ರೈವರಿಗೆ ನನ್ನದೂ ನಮಸ್ಕಾರ. ಆದ್ರೆ ಬೇರಿಂಗ್ ಸಾಯೋದಕ್ಕೆ ಒಂದು ಕ್ರಮ ಇದೆ. ಮೊದಲು ರೋಲರ್ ಓಡೋ ಟ್ರ್ಯಾಕಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು. ಆಗ ಅದು ತೋರೋದು ಬಹಳ ಎತ್ತರದ ಫ್ರೀಕ್ವೆನ್ಸಿಯಲ್ಲಿ, ನಮ್ಮ ಕಿವಿಗೆ ಅಷ್ಟೊಂದು ಸದ್ದಿನ ನಡುವೆ ಗೊತ್ತಾಗಲ್ಲ. ಆಮೇಲೆ ಮಾಮೂಲಿ ವೈಬ್ರೇಶನ್ನಿನಲ್ಲಿ ಕಾಣುತ್ತೆ. ಆಮೇಲೆ ಕಿವಿಗೆ ಕೇಳುತ್ತೆ. ಕೈಗೆ ಬಿಸಿ ತಟ್ಟೋದು ಕೊಟ್ಟಕೊನೆಗೆ. ಇವರು ಹೇಳೋ ಗೊರಗೊರ ಹಂತಕ್ಕೆ ಬಂದಾಗ ಉಳಿದಿರೋದು ದಿನಗಳು ಅಷ್ಟೇ. ಮೊದಲ ಹಂತದಲ್ಲೇ ಹಿಡಿದ್ರೆ ವಾರಗಳು, ಕೆಲವು ಸಲ ತಿಂಗಳುಗಳೇ ಸಿಗುತ್ವೆ. ಭಾನುವಾರ ನೋಡಿ ನಿಲ್ಲಿಸಿ ಬದಲಾಯಿಸಬಹುದು.

ಭದ್ರಾ ಅವರೇ, ಸೆನ್ಸಾರ್ ಮಾತು ಆಮೇಲೆ. ಯಾರ ಹತ್ರ ಆದ್ರೂ ವೈಬ್ರೇಶನ್ ಪೆನ್ (ಕೈಯಲ್ಲಿ ಹಿಡಿಯೋ ಸಣ್ಣ ವೈಬ್ರೇಶನ್ ಮೀಟರ್) ಕೇಳಿ ತನ್ನಿ. ಎರಡೂ ಪ್ಲಮ್ಮರ್ ಬ್ಲಾಕಿನ ಮೇಲೆ ಮೂರು ದಿಕ್ಕಿನಲ್ಲಿ ರೀಡಿಂಗ್ ತಗೊಳ್ಳಿ: ಅಡ್ಡ, ಲಂಬ, ಶಾಫ್ಟಿನ ಉದ್ದಕ್ಕೆ. ಬಣ್ಣ ಇದ್ರೆ ಕೆರೆದು, ಪ್ರತಿ ಸಲ ಅದೇ ಜಾಗದಲ್ಲೇ ಇಡಿ. ಲೋಡು ಇದ್ದಾಗಲೇ ನೋಡಿ.

ಮಿರ್ಚಿ_ಮಂಡಕ್ಕಿ
ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ಬಾಣಲೆ, ಮರಳು, ಒಲೆ. ಬೇರಿಂಗೂ ಇಲ್ಲ, ವೈಬ್ರೇಶನ್ನೂ ಇಲ್ಲ. ಇಂಡಸ್ಟ್ರಿ ಅಂದ್ರೆ ಇದು 😄

ಗ್ರೀಸ್_ಗನ್ (ಹರಿಹರ)
@ಮಿರ್ಚಿ_ಮಂಡಕ್ಕಿ ನಿಮ್ಮಲ್ಲಿ ಅಲುಗಾಡೋದು ಹುರಿಯೋನ ಸೊಂಟ ಅಷ್ಟೇ. ಅದಕ್ಕೆ ಸ್ಪೇರ್ ಸಿಗಲ್ಲ.

@ಭದ್ರಾ_ಚಾನಲ್ ಅಣ್ಣ, ಒಂದ್ ಮಾತು. ಇಂಪೆಲ್ಲರ್ ತೊಳೆದು ಎಷ್ಟು ದಿನ ಆಯ್ತು? ಹೊಟ್ಟಿನ ಬೂದಿ ಬ್ಲೇಡಿನ ಬೆನ್ನಿಗೆ ಹಪ್ಪಳದಂಗೆ ಕಟ್ಟುತ್ತೆ. ಒಂದು ಬ್ಲೇಡಿನಿಂದ ಒಂದು ಚೂರು ಎದ್ದು ಹೋದ್ರೆ ಅವತ್ತಿಂದ ಫ್ಯಾನ್ ಕುಣಿಯೋಕೆ ಶುರು. ಮೇಲಾಗಿ ಹೊಟ್ಟಿನ ಬೂದಿಯಲ್ಲಿ ನೂರಕ್ಕೆ 85–95 ಭಾಗ ಸಿಲಿಕಾ, ಮರಳು ಕಾಗದ ಉಜ್ಜಿದಂಗೆ ಬ್ಲೇಡು ತಿನ್ನುತ್ತೆ.

ಆರ್‌ಪಿಎಂ_1440
ಲೆಕ್ಕ ಹಾಕಿ ತೋರಿಸ್ತೀನಿ. ನಡುವಿನಿಂದ 400 ಮಿ.ಮೀ. ದೂರದಲ್ಲಿ 100 ಗ್ರಾಂ ಬೂದಿ ಒಂದೇ ಕಡೆ ಉದುರಿದ್ರೆ, 1200 ಸ್ಪೀಡಿನಲ್ಲಿ ಶಾಫ್ಟಿನ ಮೇಲೆ ಬೀಳೋ ಎಳೆತ ಸುಮಾರು 64 ಕೆಜಿ. ಅದೂ ಸೆಕೆಂಡಿಗೆ 20 ಸಲ ದಿಕ್ಕು ಬದಲಿಸಿ. ಸ್ಪೀಡು ಎರಡರಷ್ಟಾದ್ರೆ ಎಳೆತ ನಾಲ್ಕರಷ್ಟು.

ಬೆಸ್ಕಾಂ_ಕೃಪೆ
ನಮ್ದು ಮೆಕ್ಕೆಜೋಳದ ಮಿಲ್ಲು. ಮಿಲ್ಲು ನಿಲ್ಲೋದು ಬೇರಿಂಗಿಗಿಂತ ಜಾಸ್ತಿ ಕರೆಂಟಿಗೆ. ಅದಕ್ಕೂ ಒಂದು ಸೆನ್ಸಾರ್ ಇದ್ರೆ ಹೇಳ್ರಪ್ಪ.

ತಮಾಷೆ ಬಿಡಿ. ಇಂಥದ್ದೇ ವೈರ್‌ಲೆಸ್ ಸೆನ್ಸಾರ್ ನನ್ನ ಗೆಳೆಯರ ಫ್ಯಾಕ್ಟರಿಯಲ್ಲಿ ಹಾಕಿಸಿದ್ರು. ಮೊದಲ ವಾರವೇ ದಿನಾ ಅಲಾರ್ಮು. ಪಕ್ಕದಲ್ಲಿ ಲಾರಿ ಹೋದ್ರೂ ಅಲಾರ್ಮು, ಹಮಾಲರು ಚೀಲ ಎತ್ತಿ ಹಾಕಿದ್ರೂ ಅಲಾರ್ಮು. ಕೊನೆಗೆ ಮ್ಯಾನೇಜರು ಆ ಗ್ರೂಪನ್ನೇ ಮ್ಯೂಟ್ ಮಾಡಿದ್ರು. ನಿಜವಾಗಿ ಬೇರಿಂಗ್ ಹೋದ ದಿನ ಮೆಸೇಜ್ ಬಂದೇ ಇತ್ತು, ನೋಡಿದವರಿಲ್ಲ.

ಭದ್ರಾ_ಚಾನಲ್
ಪೆನ್ ಸಿಕ್ತು, ಗೆಳೆಯನ ಫ್ಯಾಕ್ಟರಿಯಿಂದ ತಂದೆ. ರೀಡಿಂಗು ಮಿ.ಮೀ./ಸೆಕೆಂಡಿನಲ್ಲಿ:
ಇಂಪೆಲ್ಲರ್ ಕಡೆ: ಅಡ್ಡ 8.6, ಲಂಬ 5.1, ಉದ್ದಕ್ಕೆ 7.4
ಪುಲ್ಲಿ ಕಡೆ: ಅಡ್ಡ 4.0, ಲಂಬ 2.8, ಉದ್ದಕ್ಕೆ 6.9

ಇದು ಜಾಸ್ತಿನಾ ಕಮ್ಮಿನಾ?

ಸೋಲ್ಡರ್_ಸುಟ್ಟ_ಕೈ
ನಾನು ಮೆಕ್ಯಾನಿಕಲ್ ಓದ್ತಿರೋ ಹುಡುಗ. ಯಂತ್ರದ ವೈಬ್ರೇಶನ್ ಎಷ್ಟಿರಬಹುದು ಅನ್ನೋ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10816ರ ಟೇಬಲ್ ಪ್ರಕಾರ 15ರಿಂದ 75 ಕಿಲೋವ್ಯಾಟ್ ಯಂತ್ರಗಳು ಎರಡನೇ ಕ್ಲಾಸು. 1.12ರೊಳಗೆ ಚೆನ್ನಾಗಿದೆ, 2.8ರವರೆಗೆ ಓಡಿಸಬಹುದು, 7.1 ದಾಟಿದ್ರೆ ಅಪಾಯ. 30 ಎಚ್‌ಪಿ ಅಂದ್ರೆ 22 ಕಿಲೋವ್ಯಾಟ್. ನಿಮ್ದು 8.6, ಕೆಂಪು ಗೆರೆ ದಾಟಿದೆ ಸಾರ್.

ಆರ್‌ಪಿಎಂ_1440
ನೀನು ಹೇಳ್ತಿರೋದು ಹಳೇ ಟೇಬಲ್ಲು ತಮ್ಮಾ. 1974ರ ಐಎಸ್‌ಒ 2372ರಿಂದ ಬಂದು 10816ರ ಮೊದಲ ಭಾಗದಲ್ಲಿ ಉಳಿದಿದ್ದು. 15 ಕಿಲೋವ್ಯಾಟ್ ಮೇಲಿನ ಕೈಗಾರಿಕಾ ಯಂತ್ರಗಳಿಗೆ ಮೂರನೇ ಭಾಗ ನೋಡಬೇಕು, ಅದೂ 2022ರಲ್ಲಿ 20816-3 ಆಗಿದೆ. 10816-3ರಲ್ಲಿ ಗಟ್ಟಿ ಫೌಂಡೇಶನ್ ಮೇಲಿನ ಈ ಸೈಜಿನ ಯಂತ್ರಕ್ಕೆ ಅವೇ ಮೂರು ಗೆರೆ 1.4, 2.8, 4.5. ಕಬ್ಬಿಣದ ಫ್ರೇಮಿನಂಥ ಮೆತ್ತನೆ ಆಧಾರದ ಮೇಲಿದ್ರೆ 2.3, 4.5, 7.1. ಯಾವ ಟೇಬಲ್ಲಿನಲ್ಲೂ 8.6 ಕೆಂಪೇ, ಆ ಮಾತು ಸರಿ.

ಆದ್ರೆ ನನ್ನ ಕಣ್ಣು ಬಿದ್ದಿದ್ದು 8.6ರ ಮೇಲಲ್ಲ, ಉದ್ದಕ್ಕೆ ಬಂದಿರೋ 7.4 ಮತ್ತು 6.9ರ ಮೇಲೆ. ಬರೀ ಬೂದಿಯಿಂದ ಬ್ಯಾಲೆನ್ಸ್ ತಪ್ಪಿದ್ರೆ ಅಡ್ಡಕ್ಕೆ ಏರಬೇಕು. ಹೊರಗೆ ನೇತಾಡೋ ಇಂಪೆಲ್ಲರ್ ಆದ್ರೆ ಉದ್ದಕ್ಕೂ ಒಂದಿಷ್ಟು ಬರುತ್ತೆ, ಒಪ್ಪಿದೆ. ಆದ್ರೆ ಪುಲ್ಲಿ ಕಡೆ ಅಡ್ಡಕ್ಕಿಂತ ಉದ್ದಕ್ಕೆ ಜಾಸ್ತಿ ಅಂದ್ರೆ ಶಾಫ್ಟನ್ನು ಏನೋ ಉದ್ದಕ್ಕೆ ಒತ್ತಿ ಹಿಡಿದಿದೆ, ಇಲ್ಲಾ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ.

ಹಳೇ_ಸ್ಪಿನ್ನಿಂಗ್_ಮಿಲ್
ನೂಲು ಹಿಡಿದು ಪುಲ್ಲಿ ನೋಡ್ರಿ. ಎರಡೂ ಪುಲ್ಲಿಯ ಮುಖಕ್ಕೆ ನಾಲ್ಕೂ ಕಡೆ ನೂಲು ತಾಗಬೇಕು. ಇದಕ್ಕೆ ಯಾವ ಐಎಸ್‌ಒನೂ ಬೇಡ.

ಗ್ರೀಸ್_ಗನ್ (ಹರಿಹರ)
ಹೂಂ, ಇದನ್ನ ಯಜಮಾನ್ರು ಸರಿ ಹೇಳಿದ್ರು. ಜೊತೆಗೆ ಬೆಲ್ಟ್ ಟೈಟೂ ನೋಡ್ರಿ. ನಮ್ಮ ಕಡೆ ಬೆಲ್ಟ್ ಜಾರಿದ್ರೆ ಮೋಟಾರು ಹಿಂದಕ್ಕೆ ಎಳೆದು ತಂತಿ ಮಾಡಿಬಿಡ್ತಾರೆ.

ಆರ್‌ಪಿಎಂ_1440
ರೋಲರ್ ಬೇರಿಂಗಿನ ಮೇಲೆ ಭಾರ ಎರಡರಷ್ಟಾದ್ರೆ ಆಯಸ್ಸು ಅರ್ಧ ಆಗಲ್ಲ, ಹತ್ತನೇ ಒಂದು ಭಾಗಕ್ಕೆ ಬರುತ್ತೆ. ಬೆಲ್ಟ್ ಎಳೆಯೋ ಮುಂಚೆ ಇದನ್ನ ಗೋಡೆ ಮೇಲೆ ಬರೆಸಿ.

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)
ಒಳ್ಳೆ ಚರ್ಚೆ. ನಾನು ದುರ್ಗದ ಗುಡ್ಡದ ಮೇಲೆ ವಿಂಡ್ ಟರ್ಬೈನ್ ಮೇಂಟೆನೆನ್ಸಿನಲ್ಲಿ ಇರೋನು. ನಮ್ಮಲ್ಲಿ ಸೆನ್ಸಾರ್ ಬೇಡ ಅನ್ನೋ ಮಾತೇ ಇಲ್ಲ. ಗೇರ್‌ಬಾಕ್ಸ್ ಇರೋದು ಗೋಪುರದ ತುದಿಯಲ್ಲಿ, ದಿನಾ ಹತ್ತಿ ಸ್ಕ್ರೂಡ್ರೈವರ್ ಇಡೋಕಾಗುತ್ತಾ? ಗೇರ್‌ಬಾಕ್ಸ್ ಬಿಚ್ಚಬೇಕಂದ್ರೆ ದೊಡ್ಡ ಕ್ರೇನ್ ಬರಬೇಕು, ಗಾಳಿ ಜೋರಿದ್ರೆ ಕ್ರೇನ್ ಎತ್ತೋ ಹಾಗಿಲ್ಲ. ನಮಗೆ ಯೂನಿಟ್ ಬರೋದು ಜೂನ್‌ನಿಂದ ಸೆಪ್ಟೆಂಬರ್ ಗಾಳಿಯಲ್ಲಿ. ಆ ಹೊತ್ತಲ್ಲಿ ಗೇರ್ ಹಲ್ಲು ಮುರಿದ್ರೆ ಆ ಸೀಸನ್ನಿಗೇ ಎಳ್ಳುನೀರು. ಬೇಸಿಗೆಯಲ್ಲೇ ಗೊತ್ತಾದ್ರೆ ಗಾಳಿ ಬರೋ ಮುಂಚೆ ಮುಗಿಸ್ತೀವಿ.

ಇನ್ನೊಂದು. ಮಾಮೂಲಿ ಪೆನ್ನು ನೋಡೋದು 10ರಿಂದ 1000 ಹರ್ಟ್ಜ್ ನಡುವೆ. ನಮ್ಮ ರೆಕ್ಕೆ ಕಡೆಯ ಮುಖ್ಯ ಶಾಫ್ಟು ನಿಮಿಷಕ್ಕೆ 18 ಸುತ್ತು ತಿರುಗಿದ್ರೆ ಬರೀ 0.3 ಹರ್ಟ್ಜ್. ಪೆನ್ ಇಟ್ರೆ ಅದು ಎಲ್ಲಾ ಸರಿ ಇದೆ ಅಂತಲೇ ತೋರಿಸುತ್ತೆ. ನಿಧಾನ ತಿರುಗೋ ಯಂತ್ರ ಇರೋರು ಇದನ್ನ ನೆನಪಿಟ್ಕೊಳ್ಳಿ.

ಶೇಂಗಾ_ಎಣ್ಣೆ (ಚಳ್ಳಕೆರೆ)
ನಮ್ಮ ಎಣ್ಣೆ ಗಾಣದ ಕಥೆ ಇದೇ ನೋಡಿ. ಎಕ್ಸ್‌ಪೆಲ್ಲರ್ ಒಳಗಿನ ಸ್ಕ್ರೂ ಶಾಫ್ಟು ಎತ್ತಿನ ಗಾಡಿ ಸ್ಪೀಡಿನಲ್ಲಿ ತಿರುಗೋದು. ವೈಬ್ರೇಶನ್ ನೋಡಿ ಏನೂ ಗೊತ್ತಾಗಲಿಲ್ಲ. ನಾವು ಆಮ್ಮೀಟರ್ ನೋಡ್ತೀವಿ. ಮುಳ್ಳು ಒಂದೇ ಸಮ ನಿಲ್ಲದೆ ಒದ್ದಾಡಿದ್ರೆ ಒಳಗೆ ಏನೋ ಸಿಕ್ಕಿದೆ ಅಂತ ಅರ್ಥ. ಶೇಂಗಾ ಜೊತೆ ಬರೋ ಕಲ್ಲು, ಮೊಳೆಗೆ ಜರಡಿ ಮತ್ತು ಅಯಸ್ಕಾಂತ ಹಾಕಿದ ಮೇಲೆ ಅರ್ಧ ರಿಪೇರಿ ತಾನಾಗೇ ನಿಂತು ಹೋಯ್ತು.

ಮಿರ್ಚಿ_ಮಂಡಕ್ಕಿ
@ಜೋಗಿಮಟ್ಟಿ_ಗಾಳಿ ದುರ್ಗದಲ್ಲಿ ಬೆಣ್ಣೆ ದೋಸೆ ಚೆನ್ನಾಗಿರೋ ಹೋಟೆಲ್ ಯಾವುದಾದ್ರೂ ಇದೆಯಾ?

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)
ದಾವಣಗೆರೆಯವರು ಇಲ್ಲಿ ದೋಸೆ ಕೇಳೋದು ಅಂದ್ರೆ ಬೇಕಂತಲೇ ಜಗಳಕ್ಕೆ ಬಂದ ಹಾಗೆ. ಕೋಟೆ ನೋಡ್ಕೊಂಡು ಹೋಗಿ ಸಾರ್.

ಸೋಲ್ಡರ್_ಸುಟ್ಟ_ಕೈ
ಒಂದು ಐಡಿಯಾ. ಇಎಸ್‌ಪಿ32 ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡು, ಅಲುಗಾಟ ಅಳೆಯೋ ಎಡಿಎಕ್ಸ್ಎಲ್345 ಸೆನ್ಸಾರು, ಸೇರಿದ್ರೂ ಖರ್ಚು ಕಮ್ಮಿ. ನಾನೇ ಮಾಡಿಕೊಡ್ತೀನಿ. ಅಥವಾ ಮೊಬೈಲಿನಲ್ಲೇ ವೈಬ್ರೇಶನ್ ಆ್ಯಪ್ ಇದೆಯಲ್ಲ?

ಆರ್‌ಪಿಎಂ_1440
ಫ್ಯಾನ್ ತಿರುಗೋ 20 ಹರ್ಟ್ಜ್ ಮೊಬೈಲಿಗೂ ಕಾಣುತ್ತೆ, ಅಷ್ಟರ ಮಟ್ಟಿಗೆ ಸರಿ. ಆದ್ರೆ ಬೇರಿಂಗ್ ದೋಷ? ಒಂದು ಸಾಲಿನಲ್ಲಿ 18 ರೋಲರ್ ಇದೆ ಅಂತ ಇಟ್ಕೋ. ಹೊರ ರೇಸಿನಲ್ಲಿ (ರೋಲರ್ ಓಡೋ ಹೊರಗಿನ ಉಂಗುರ) ಬಿರುಕಿದ್ರೆ ಅಂದಾಜು 0.4 × 18 × 20, ಅಂದ್ರೆ 144 ಹರ್ಟ್ಜ್. ಒಳ ರೇಸು ಆದ್ರೆ 0.6 ಹಾಕು, 216. ಶುರುವಿನ ಹಂತದಲ್ಲಿ ಇವು ಅಲ್ಲೂ ಕಾಣಲ್ಲ, ಸಾವಿರಾರು ಹರ್ಟ್ಜ್ ಮೇಲೆ ಸಣ್ಣ ಸಣ್ಣ ಏಟಾಗಿ ಕಾಣ್ತವೆ. ಮೊಬೈಲು ಸೆಕೆಂಡಿಗೆ ಕೆಲವು ನೂರು ಸಲ ಮಾತ್ರ ಅಳೆಯುತ್ತೆ, ನೋಡೋಕೆ ಸಾಧ್ಯ ಇರೋದು ಅದರ ಅರ್ಧದಷ್ಟು ಫ್ರೀಕ್ವೆನ್ಸಿವರೆಗೆ. ಅದಕ್ಕಿಂತ ಮೇಲಿನದು ಸುಳ್ಳು ವೇಷ ಹಾಕ್ಕೊಂಡು ಕೆಳಗೆ ಬಂದು ಕೂರುತ್ತೆ. ನಿನ್ನ ಎಡಿಎಕ್ಸ್ಎಲ್ ಸೆಕೆಂಡಿಗೆ 3200 ಸಲ, ಅಂದ್ರೆ 1600 ಹರ್ಟ್ಜ್‌ವರೆಗೆ. ಬ್ಯಾಲೆನ್ಸು, ಅಲೈನ್ಮೆಂಟು, ಸಡಿಲ ಬೋಲ್ಟು ಹಿಡಿಯೋಕೆ ಸಾಕು. ಪ್ರಾಜೆಕ್ಟ್ ಮಾಡು, ಚೆನ್ನಾಗಿರುತ್ತೆ. ಡಬಲ್ ಟೇಪಿನಲ್ಲಿ ಅಂಟಿಸಬೇಡ, ಸ್ಕ್ರೂ ಹಾಕಿ ಬಿಗಿ.

ಗ್ರೀಸ್_ಗನ್ (ಹರಿಹರ)
ಇವರೆಲ್ಲಾ ಹರ್ಟ್ಜ್‌ನಲ್ಲೇ ಮುಳುಗಿದಾರೆ. ಭದ್ರಾ ಅಣ್ಣ, ಪ್ಲಮ್ಮರ್ ಬ್ಲಾಕಿನ ಮೇಲಿನ ಕ್ಯಾಪ್ ಬಿಚ್ಚಿ ನೋಡ್ರಿ. ಬೇರಿಂಗ್ ಎರಡೂ ಬದಿಗೆ ಲೊಕೇಟಿಂಗ್ ರಿಂಗ್ ಅಂತ ಬರ್ತವೆ, ಬೇರಿಂಗ್ ಸರಿಯದಂಗೆ ಹಿಡಿಯೋಕೆ. ಅವು ಒಂದು ಬ್ಲಾಕಿನಲ್ಲಿ ಮಾತ್ರ ಇರಬೇಕು, ಪುಲ್ಲಿ ಕಡೆ. ಇಂಪೆಲ್ಲರ್ ಕಡೆ ಬೇರಿಂಗು ಹೌಸಿಂಗ್ ಒಳಗೆ ಆ ಕಡೆ ಈ ಕಡೆ ಸರಿಯೋಕೆ ಜಾಗ ಬೇಕು. ಬಾಕ್ಸಿನಲ್ಲಿ ಬಂದ ರಿಂಗೆಲ್ಲಾ ತುರುಕಿದ್ರೆ ಮುಗೀತು ಕಥೆ.

ಆರ್‌ಪಿಎಂ_1440
ಇದೇ ಇರಬೇಕು ಅಂತ ನನಗೂ ಅನುಮಾನ. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ 0.012 ಮಿ.ಮೀ. ಹಿಗ್ಗುತ್ತೆ. ಎರಡು ಬೇರಿಂಗ್ ನಡುವೆ 700 ಮಿ.ಮೀ. ಇದ್ದು, ಹೊಗೆ ಬಿಸಿಗೆ ಶಾಫ್ಟು ಕೆಳಗಿನ ಫ್ರೇಮಿಗಿಂತ 60 ಡಿಗ್ರಿ ಜಾಸ್ತಿ ಕಾದ್ರೆ ಅರ್ಧ ಮಿ.ಮೀ. ಹಿಗ್ಗುತ್ತೆ. ಎರಡೂ ಕಡೆ ಲಾಕ್ ಆಗಿದ್ರೆ ಆ ಅರ್ಧ ಮಿ.ಮೀ. ಹೋಗೋದೆಲ್ಲಿಗೆ? ಬೇರಿಂಗಿನ ಒಂದು ಸಾಲು ರೋಲರ್ ಮೇಲೆ.

ಹಳೇ ಬೇರಿಂಗ್ ಗುಜರಿಗೆ ಹಾಕಿಲ್ಲ ತಾನೇ? ಬಿಚ್ಚಿ ಹೊರ ರೇಸ್ ನೋಡಿ. ಎರಡು ಸಾಲಿನಲ್ಲಿ ಒಂದು ಮಾತ್ರ ತಿಂದು ಹೋಗಿ ಇನ್ನೊಂದು ಹೊಳೀತಿದ್ರೆ ಅದೇ ಸಾಕ್ಷಿ.

ಭದ್ರಾ_ಚಾನಲ್
ಭಾನುವಾರ ಬಾಯ್ಲರ್ ಆರಿಸಿ ಬಿಚ್ಚಿಸಿದೆ. ಗ್ರೀಸ್_ಗನ್ ಅಣ್ಣ ಕೂತಲ್ಲೇ ಹೇಳಿದ್ದು ಹಂಗೇ ಐತೆ. ಎರಡೂ ಬ್ಲಾಕಿನಲ್ಲಿ ಎರಡೆರಡು ರಿಂಗು! ಹಾಕಿದ ಫಿಟ್ಟರಿಗೆ ಫೋನ್ ಮಾಡಿದ್ರೆ "ಬಿಟ್ರೆ ಅಲುಗಾಡುತ್ತೆ ಅಂತ ಟೈಟಾಗಿ ಹಾಕಿದೀನಿ ಸಾವ್ಕಾರ್ರೇ" ಅಂದ. ಅಲುಗಾಡಬೇಕಾಗಿದ್ದೇ ಅದು.

ಹಳೇ ಬೇರಿಂಗ್ ಸ್ಟೋರಿನಲ್ಲಿ ಸಿಕ್ತು. ಹೊರ ರೇಸಿನಲ್ಲಿ ಪುಲ್ಲಿ ಕಡೆಯ ಸಾಲು ಕನ್ನಡಿ ಇದ್ದಂಗಿದೆ. ಇಂಪೆಲ್ಲರ್ ಕಡೆಯ ಸಾಲಿನ ತುಂಬಾ ಸಿಪ್ಪೆ ಎದ್ದು ಗುಳಿ ಬಿದ್ದೈತೆ, ಉಗುರು ಸಿಕ್ಕೊಳ್ಳುತ್ತೆ. ಗ್ರೀಸ್ ಕರ್ರಗೆ ಡಾಂಬರಿನಂಗೆ. ಹೌಸಿಂಗ್ ಬಾಯಿವರೆಗೂ ಗ್ರೀಸ್ ತುಂಬಿತ್ತು.

ಫೋಟೋ ಹಾಕೋಕೆ ಹೋದ್ರೆ ಸೈಜ್ ಜಾಸ್ತಿ ಅಂತೈತೆ.

ಗ್ರೀಸ್_ಗನ್ (ಹರಿಹರ)
ಗ್ರೀಸ್ ತುಂಬ ತುಂಬಿದ್ರೆ ಒಳ್ಳೇದು ಅಂತ ನಮ್ಮವರ ನಂಬಿಕೆ. ಬೇರಿಂಗ್ ಒಳಗೆ ತುಂಬಿ, ಹೌಸಿಂಗಿನ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗದಿಂದ ಅರ್ಧ, ಅಷ್ಟೇ. ಜಾಸ್ತಿ ಆದ್ರೆ ಗ್ರೀಸು ಕಲಕಿ ಕಲಕಿ ತಾನೇ ಕಾಯುತ್ತೆ.

ಇನ್ನೊಂದು ಕೇಳ್ತೀನಿ, ಬೇಜಾರಾಗಬೇಡ್ರಿ. ಬ್ಲೇಡಿಗೆ ಪಟ್ಟಿ ವೆಲ್ಡಿಂಗ್ ಮಾಡಿಸ್ತೀರಲ್ಲ, ಆಗ ಅರ್ತ್ ಕ್ಲಾಂಪ್ ಎಲ್ಲಿಗೆ ಹಾಕ್ತಾರೆ?

ಭದ್ರಾ_ಚಾನಲ್
ಫ್ಯಾನಿನ ಫ್ರೇಮಿಗೆ ಅಣ್ಣ, ಯಾಕೆ?

ಗ್ರೀಸ್_ಗನ್ (ಹರಿಹರ)
ಯಾಕಂದ್ರೆ ಇಂಪೆಲ್ಲರಿಂದ ಫ್ರೇಮಿಗೆ ವೆಲ್ಡಿಂಗ್ ಕರೆಂಟು ಹೋಗೋ ದಾರಿ ಬೇರಿಂಗ್ ಒಂದೇ. ರೋಲರ್ ರೇಸಿಗೆ ತಾಗಿದ ಕಡೆಯೆಲ್ಲಾ ಸಣ್ಣ ಸಣ್ಣದಾಗಿ ಸುಡುತ್ತೆ. ಹೊಸ ಬೇರಿಂಗ್ ಹಾಕಿದ ದಿನವೇ ಅದರ ಕೊಲೆ. ಕ್ಲಾಂಪನ್ನ ಇಂಪೆಲ್ಲರಿಗೇ ಹಾಕಿಸಿ, ವೆಲ್ಡಿಂಗ್ ಮಾಡೋ ಬ್ಲೇಡಿನ ಪಕ್ಕದಲ್ಲೇ.

ಬೆಸ್ಕಾಂ_ಕೃಪೆ
ಇದು ನನಗೆ ಗೊತ್ತೇ ಇರಲಿಲ್ಲ. ನಾಳೆಯೇ ನಮ್ಮ ವೆಲ್ಡರಿಗೆ ಹೇಳ್ತೀನಿ.

ಆದ್ರೆ ನೋಡಿ, ಕೊನೆಗೆ ಸಿಕ್ಕಿದ್ದು ಏನು? ರಿಂಗು, ಗ್ರೀಸು, ಬೂದಿ. ಸೆನ್ಸಾರ್ ಹಾಕಿದ್ರೂ "ಬೇರಿಂಗ್ ಹೋಗ್ತಿದೆ" ಅಂತಿತ್ತೇ ಹೊರತು "ರಿಂಗ್ ತೆಗಿ" ಅಂತಿರಲಿಲ್ಲ.

ಹಳೇ_ಸ್ಪಿನ್ನಿಂಗ್_ಮಿಲ್
ಅದನ್ನೇ ನಾನು ಮೊದಲಿಂದ ಹೇಳ್ತಿರೋದು.

ಆರ್‌ಪಿಎಂ_1440
ಇಲ್ಲ ಯಜಮಾನ್ರೇ, ನೀವು ಹೇಳಿದ್ದು ಕಿವಿ ಸಾಕು ಅಂತ. ಉದ್ದಕ್ಕೆ 7.4 ಅನ್ನೋ ಅಂಕಿ ಇಲ್ಲದಿದ್ರೆ ಎಲ್ಲರೂ ಬೂದಿ ಒರೆಸಿ, ಹೊಸ ಬೇರಿಂಗ್ ಹಾಕಿ, ಮತ್ತೆ ಅದೇ ರಿಂಗ್ ತುರುಕ್ತಿದ್ರು.

ಬೆಸ್ಕಾಂ ಅವರ ಮಾತಿನಲ್ಲೂ ಅರ್ಧ ಸತ್ಯ ಇದೆ. ಎಲ್ಲಾ ಮೋಟಾರಿಗೂ ಸೆನ್ಸಾರ್ ಅನ್ನೋದು ಸೇಲ್ಸ್‌ನವರ ಲೆಕ್ಕ. ಮಿಲ್ಲಿನಲ್ಲಿ ಯಾವುದು ನಿಂತ್ರೆ ಎಲ್ಲಾ ನಿಲ್ಲುತ್ತೆ? ಐಡಿ ಫ್ಯಾನು, ಫೀಡ್ ಪಂಪು, ಸಾರ್ಟೆಕ್ಸಿಗೆ (ಬಣ್ಣ ನೋಡಿ ಅಕ್ಕಿ ಬೇರ್ಪಡಿಸೋ ಯಂತ್ರ) ಗಾಳಿ ಕೊಡೋ ಕಂಪ್ರೆಸರು, ಪಾಲಿಶರ್. ಎಲಿವೇಟರ್ ಮೋಟಾರು ಹೋದ್ರೆ ಸ್ಪೇರ್ ಇಟ್ಕೊಂಡ್ರೆ ಸಾಕು. ಈ ನಾಲ್ಕಕ್ಕೆ ಒಂದು ಪೆನ್ನು, ಒಂದು ನೋಟ್‌ಬುಕ್ಕು, ವಾರಕ್ಕೊಂದು ಸಲ ಒಬ್ಬನೇ ಮನುಷ್ಯ ಅದೇ ಜಾಗದಲ್ಲಿ ಇಟ್ಟು ಬರೆಯೋದು. ಅಂಕಿ ಎಷ್ಟಿದೆ ಅನ್ನೋದಕ್ಕಿಂತ ಹೋದ ತಿಂಗಳಿಗಿಂತ ಎಷ್ಟು ಏರಿದೆ ಅನ್ನೋದು ಮುಖ್ಯ. 2 ಇದ್ದದ್ದು 4 ಆದ್ರೆ ಟೇಬಲ್ಲು ಓಕೆ ಅಂದ್ರೂ ನಾನು ಬಿಚ್ಚಿಸ್ತೀನಿ. ವೈರ್‌ಲೆಸ್ ಬೇಕೇ ಬೇಕು ಅನ್ನಿಸೋದು ಜೋಗಿಮಟ್ಟಿಯವರ ಹಾಗೆ ಕೈಗೆಟುಕದ ಕಡೆ, ಅಥವಾ ಹತ್ರ ಹೋಗೋದೇ ಅಪಾಯ ಇರೋ ಕಡೆ.

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)
ನೋಟ್‌ಬುಕ್ ಮಾತು ಒಪ್ಪಲ್ಲ ಸಾರ್. ಮೊದಲ ತಿಂಗಳು ಬರೀತಾರೆ, ಆಮೇಲೆ ಕೂತಲ್ಲೇ ಹೋದ ವಾರದ ಅಂಕಿ ನೋಡಿ ಸ್ವಲ್ಪ ಆಚೀಚೆ ಮಾಡಿ ತುಂಬ್ತಾರೆ. ಲಾಗ್‌ಶೀಟ್ ತುಂಬೋ ನಮ್ಮ ಜನರ ಪ್ರತಿಭೆ ನಿಮಗೆ ಗೊತ್ತಿಲ್ಲ. ಸೆನ್ಸಾರ್ ಸುಳ್ಳು ಬರೆಯಲ್ಲ.

ಆರ್‌ಪಿಎಂ_1440
ಸೆನ್ಸಾರ್ ಸುಳ್ಳು ಬರೆಯಲ್ಲ, ಮ್ಯಾನೇಜರು ಮ್ಯೂಟ್ ಮಾಡ್ತಾನೆ. ಮೇಲೆ ಓದಿದ್ರಲ್ಲ?

ಭದ್ರಾ_ಚಾನಲ್
ಅಪ್‌ಡೇಟ್. ಇಂಪೆಲ್ಲರ್ ಕಡೆ ರಿಂಗ್ ತೆಗೆಸಿ, ಹೊಸ ಬೇರಿಂಗ್, ಗ್ರೀಸ್ ಲೆಕ್ಕವಾಗಿ. ನೂಲು ಹಿಡಿದು ಪುಲ್ಲಿ ಸರಿ ಮಾಡಿದ್ವಿ, ಯಜಮಾನ್ರೇ ಧನ್ಯವಾದ, ಹೊರಗೆ ವಾಲಿತ್ತು. ಬಾಯ್ಲರ್ ಪೂರ್ತಿ ಕಾದ ಮೇಲೆ ಇಂಪೆಲ್ಲರ್ ಕಡೆ ರೀಡಿಂಗು: ಅಡ್ಡ 6.2, ಲಂಬ 3.4, ಉದ್ದಕ್ಕೆ 1.9. ಉದ್ದಕ್ಕಿಂದು ಇಳೀತು, ಅಡ್ಡದ್ದು ಇನ್ನೂ ಜಾಸ್ತಿನೇ. ಬ್ಲೇಡ್ ಕೆರೆದು ಸ್ವಚ್ಛ ಮಾಡಿದ ಮೇಲೂ ಇಷ್ಟು. ಬ್ಯಾಲೆನ್ಸಿಂಗ್ ಮಾಡೋರು ಬೆಂಗಳೂರಿಂದ ಬರಬೇಕಂತೆ, ಸುಗ್ಗಿ ಮುಗಿಯೋವರೆಗೂ ಪುರುಸೊತ್ತಿಲ್ಲವಂತೆ.

ಆರ್‌ಪಿಎಂ_1440
ಬ್ಲೇಡು ಸವೆದಿದೆ, ಪಟ್ಟಿ ವೆಲ್ಡ್ ಆಗಿದೆ, ತೂಕ ಸಮ ಇಲ್ಲ. ಪೆನ್ ಒಂದರಲ್ಲೇ ಬ್ಯಾಲೆನ್ಸ್ ಮಾಡಬಹುದು, ನಾಲ್ಕು ಸಲ ಓಡಿಸಬೇಕು ಅಷ್ಟೇ. ಬಾಯ್ಲರ್ ಆರಿರಬೇಕು, ಪ್ರತಿ ಸಲ ಮೇನ್ ಸ್ವಿಚ್ ತೆಗೆದು ಬೀಗ ಹಾಕಿ ಕೀ ನಿಮ್ಮ ಜೇಬಲ್ಲಿರಲಿ. ಸ್ಪೀಡು, ಡ್ಯಾಂಪರ್ (ಗಾಳಿ ಹೆಚ್ಚು ಕಮ್ಮಿ ಮಾಡೋ ಬಾಗಿಲು) ನಾಲ್ಕೂ ಸಲ ಒಂದೇ ಇರಬೇಕು.

ಮೊದಲು ಹಾಗೇ ಓಡಿಸಿ ಅಡ್ಡದ ರೀಡಿಂಗ್ ಬರ್ಕೊಳ್ಳಿ. 1 ಮಿ.ಮೀ./ಸೆಕೆಂಡಿಗೆ 1 ಸೆಂ.ಮೀ. ಲೆಕ್ಕದಲ್ಲಿ ಕಾಗದದ ಮೇಲೆ ಅಷ್ಟು ತ್ರಿಜ್ಯದ ವೃತ್ತ ಎಳೆಯಿರಿ. ಇಂಪೆಲ್ಲರನ್ನ ಮೂರು ಸಮಭಾಗ ಮಾಡಿ ಸೀಮೆಸುಣ್ಣದಲ್ಲಿ 1, 2, 3 ಅಂತ ಗುರುತು ಹಾಕಿ. ವೃತ್ತದ ಮೇಲೂ ಅವೇ ಮೂರು ಚುಕ್ಕೆ. ಈಗ ಗೊತ್ತಿರೋ ತೂಕದ ಒಂದು ತುಂಡು 1ಕ್ಕೆ ಭದ್ರವಾಗಿ ಬಿಗಿದು ಓಡಿಸಿ, ಬಂದ ರೀಡಿಂಗಿನಷ್ಟೇ ತ್ರಿಜ್ಯದಲ್ಲಿ 1ನೇ ಚುಕ್ಕೆಯಿಂದ ವೃತ್ತ. ಅದೇ ತುಂಡು ಅದೇ ದೂರದಲ್ಲಿ 2ಕ್ಕೆ, ಆಮೇಲೆ 3ಕ್ಕೆ. ಮೂರು ವೃತ್ತ ಒಂದು ಕಡೆ ಸೇರ್ತವೆ. ಕೇಂದ್ರದಿಂದ ಆ ಜಾಗಕ್ಕೆ ಗೆರೆ ಎಳೆದ್ರೆ, ತೂಕ ಹಾಕಬೇಕಾದ ದಿಕ್ಕು ಅದೇ. ಎಷ್ಟು ತೂಕ? ತುಂಡಿನ ತೂಕವನ್ನ ಮೊದಲ ರೀಡಿಂಗಿನಿಂದ ಗುಣಿಸಿ, ಆ ಗೆರೆಯ ಉದ್ದದಿಂದ ಭಾಗಿಸಿ.

ವೆಲ್ಡಿಂಗ್ ಮಾಡುವಾಗ ಕ್ಲಾಂಪ್ ಎಲ್ಲಿ ಅಂತ ಮತ್ತೆ ಹೇಳಲ್ಲ.

ಸೋಲ್ಡರ್_ಸುಟ್ಟ_ಕೈ
ಸಾರ್ ಇದನ್ನ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿಲ್ಲ. ಭದ್ರಾ ಅಣ್ಣ, ಮಾಡೋ ದಿನ ನಾನೂ ಬರ್ತೀನಿ, ಕಂಪಾಸು ನಂದೇ ತರ್ತೀನಿ.

ಭದ್ರಾ_ಚಾನಲ್
ಬಾ ತಮ್ಮಾ, ಮುಂದಿನ ಭಾನುವಾರ. ತಿಂಡಿ ನಮ್ದು. ಸೇಲ್ಸ್‌ನವರಿಗೆ ಸದ್ಯಕ್ಕೆ ಬೇಡ ಅಂದೆ. ಪೆನ್ ಮಾತ್ರ ತಗೊಳ್ಳೋಕೆ ಅಪ್ಪಾಜಿ ಹೂಂ ಅಂದಿದಾರೆ.

ಶೇಂಗಾ_ಎಣ್ಣೆ (ಚಳ್ಳಕೆರೆ)
@ಆರ್‌ಪಿಎಂ_1440 ಸಾರ್, ಶೇಂಗಾ ಸುಲಿಯೋ ಮೆಷಿನ್ನಿನ ಬ್ಲೋವರಿಗೂ ಈ ನಾಲ್ಕು ಸಲದ ಲೆಕ್ಕ ನಡೆಯುತ್ತಾ? ನಮ್ದು ಒಂದು ಬಹಳ ಕುಣೀತಿದೆ.

ಆರ್‌ಪಿಎಂ_1440
ನಡೆಯುತ್ತೆ. ಆದ್ರೆ ಸಣ್ಣ ಬ್ಲೋವರಿಗೆ ಮೊದಲು ಬೆಲ್ಟ್ ಕಳಚಿ ಕೈಯಲ್ಲಿ ಮೆಲ್ಲಗೆ ತಿರುಗಿಸಿ ಬಿಡಿ. ಪ್ರತಿ ಸಲ ಒಂದೇ ಬ್ಲೇಡು ಕೆಳಗೆ ಬಂದು ನಿಂತ್ರೆ ಭಾರ ಅಲ್ಲೇ ಇದೆ, ಎದುರಿನ ಬ್ಲೇಡಿಗೆ ತೂಕ ಹಾಕಿ. ಬೋಲ್ಟ್ ಸಡಿಲ ಇದೆಯಾ ಅಂತಲೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಅದಕ್ಕೆ ಪೆನ್ನೂ ಬೇಡ.